ಒಂದೊಂದೇ ಪೆಟ್ಟಿನ ಗಂಟೆ

ಹೊಳೆಯ ಮೇಲೆ ನನಗೆ ಸಿಟ್ಟಿಲ್ಲ. ಐದು ಪುಟಗಳ ಮೇಲಿದೆ...

ನಮ್ಮದು ಹೊಳೆ ಬದಿಯ ಸಣ್ಣ ಚರ್ಚ್. ನೋಟಿಸ್ ಬೋರ್ಡಿನಲ್ಲಿ ಐದು ಪುಟದ ತುರ್ತು ಯೋಜನೆ, ಲ್ಯಾಮಿನೇಷನ್ ಮಾಡಿದ್ದು.

"ನೆರೆ ಬಂದರೆ ಚರ್ಚಿನ ಗಂಟೆ ಬಾರಿಸಲಾಗುವುದು. ಎಲ್ಲರೂ ಗುಡ್ಡದ ಶಾಲೆಗೆ ಹೋಗತಕ್ಕದ್ದು."

ಹೋದ ಜುಲೈ, ಮಧ್ಯಾಹ್ನ ಹೊಳೆ ಉಕ್ಕಿತು. ಗಂಟೆ ಬಾರಿಸುವವರು ಊರಲ್ಲಿರಲಿಲ್ಲ. ನನ್ನ ಗಂಡ ಸಿರಿಲ್ ಓಡಿಹೋಗಿ ಹಗ್ಗ ಹಿಡಿದ.

ಹಗ್ಗ ಭಾರ... ಅಭ್ಯಾಸವಿಲ್ಲದ ಕೈ... ಗಂಟೆ ಒಂದೊಂದೇ ಪೆಟ್ಟು ಹೊಡೆಯಿತು.

ನಮ್ಮಲ್ಲಿ ಯಾರಾದರೂ ಸತ್ತರೆ ಗಂಟೆ ಬಾರಿಸುವುದು ಹಾಗೆಯೇ.

ಹಾಸಿಗೆ ಹಿಡಿದಿದ್ದ ಲಾದ್ರು ಅಜ್ಜ ತೀರಿಕೊಂಡರೆಂದು ಊರೇ ತಿಳಿಯಿತು. ಯಾರೂ ಗುಡ್ಡ ಹತ್ತಲಿಲ್ಲ. ನಾನು ಮೇಣದ ಬತ್ತಿ ಹಚ್ಚಿ ಅಜ್ಜನ ಆತ್ಮಕ್ಕೆ ಶಾಂತಿ ಬೇಡಿದೆ...

ಕರೆಯುತ್ತಿದ್ದವನು ನನ್ನ ಗಂಡ.

ಯಾರೂ ಬಾರದ್ದು ಕಂಡು ಅವನೇ ಮನೆಮನೆಗೆ ಓಡಿದ. ಒಂಬತ್ತು ಮನೆಯವರನ್ನು ಗುಡ್ಡ ಹತ್ತಿಸಿದ, ನನ್ನನ್ನೂ. ಲಾದ್ರು ಅಜ್ಜನನ್ನು ಹೊತ್ತು ತಂದ.

ಹತ್ತನೆಯ ಮನೆಗೆ ಹೋದವನು ಬರಲಿಲ್ಲ.

ಈ ಮೇ ತಿಂಗಳಲ್ಲಿ ಮತ್ತೆ ಸಭೆ. ಚರ್ಚ್ ಸಮಿತಿಯ ಉಪಾಧ್ಯಕ್ಷರು ಅದೇ ಐದು ಪುಟ ಓದಿದರು. ಬದಲಾದದ್ದು ಇಸವಿ ಮಾತ್ರ.

"ಗಂಟೆ ಹೇಗೆ ಬಾರಿಸುವುದು?" ಎಂದು ಕೇಳಿದೆ.

"ಹೇಗೆ ಅಂದ್ರೆ ಎಂತದು ಮಾರಾಯ್ತಿ? ಹಗ್ಗ ಹಿಡಿದು ಎಳೆಯುವುದು. ಯೂನಿವರ್ಸಿಟಿಯಲ್ಲಿ ಕಲಿತವರಿಗೆ ಅದನ್ನೂ ಹೇಳಿಕೊಡ್ಬೇಕಾ?"

ಕೆಲವರು ನಕ್ಕರು.

ನಾನು ಎದ್ದು ಹೊರಗೆ ಹೋಗಿ ಹಗ್ಗ ಎಳೆದೆ. ಒಂದು... ಎರಡು... ಮೂರು...

ತೆರೆದ ಬಾಗಿಲಿನಿಂದ ಒಳಗೆ ನೋಡಿದೆ. ಎಲ್ಲರ ಕೈ ಹಣೆಗೆ ಹೋಗಿತ್ತು. ಶಿಲುಬೆಯ ಗುರುತು. ಉಪಾಧ್ಯಕ್ಷರದ್ದೂ.

"ನೆರೆ ಬಂತು ಅಂತ ಬಾರಿಸಿದ್ದು ನಾನು. ನೀವು ಪ್ರಾರ್ಥನೆ ಮಾಡ್ತಾ ಕೂತಿದ್ದೀರಿ. ಈ ವರ್ಷ ಮನೆಮನೆಗೆ ಯಾರ ಗಂಡನನ್ನು ಕಳಿಸ್ತೀರಿ?"

ಹಿಂದಿನ ಬೆಂಚಿನಲ್ಲಿ, ಈಗ ಚೇತರಿಸಿಕೊಂಡು ಓಡಾಡುತ್ತಿದ್ದ ಲಾದ್ರು ಅಜ್ಜ ಊರುಗೋಲು ಕುಟ್ಟಿದರು.

"ಆ ದಿನ ಮಲಗಿದ್ದಲ್ಲೇ ಗಂಟೆ ಕೇಳಿತು ಮಗಾ. 'ಯಾರು ಹೋದದ್ದು?' ಅಂತ ಸೊಸೆ ಹತ್ರ ಕೇಳಿದೆ..."

ಅಜ್ಜ ನನ್ನ ಕಡೆ ತಿರುಗಿದರು.

"ಹೋಗ್ಲಿಕ್ಕಿದ್ದವನೇ ಬಾರಿಸ್ತಾ ಇದ್ದ."

ಉಪಾಧ್ಯಕ್ಷರು ತಲೆ ಎತ್ತದೆ ಪೆನ್ನು ತೆಗೆದರು. ನೆರೆ ಬಂದರೆ ಗಂಟೆಯನ್ನು ನಿಲ್ಲಿಸದೆ, ಢಣಢಣನೆ ಬಾರಿಸುವುದು ಎಂದು ಬರೆದರು.

ಭಾನುವಾರ ಸಂಜೆ ಬಾರಿಸಿ ನೋಡಿದೆವು. ಹನ್ನೊಂದು ನಿಮಿಷದಲ್ಲಿ ಇಡೀ ಊರು ಗುಡ್ಡದ ಮೇಲಿತ್ತು.

ಹನ್ನೊಂದೇ ನಿಮಿಷ...

ಅಷ್ಟೇ ಸಾಕಿತ್ತು.

ಒಮ್ಮೆಯೂ ಮಾಡಿ ನೋಡದ ಯೋಜನೆ ಬರೀ ಕಾಗದ.

ನಿಮ್ಮೂರಿಗೆ ಅಪಾಯ ಬಂದರೆ ಯಾವ ಸದ್ದು ಕೇಳಿಸುತ್ತದೆ... ನಿಮ್ಮ ಮನೆಯವರಿಗೆ ಅದು ಗೊತ್ತೇ?