ಪಕ್ಕದ ಜಾಗ

"ಇದು ಮಕ್ಕಳು ನೋಡೋ ಸಿನಿಮಾ ಅಲ್ಲ," ಎಂದು ಚಿಕ್ಕಮ್ಮ ರಿಮೋಟ್ ಕಿತ್ತುಕೊಂಡು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಬಿಳಿಯರ ಶಾಲೆಗೆ ಕಪ್ಪು ಮಕ್ಕಳನ್ನು ಬಿಡದ ಕಾಲದ ಕಥೆ. ಪುಸ್ತಕ ಅವುಚಿಕೊಂಡ ಕಪ್ಪು ಹುಡುಗಿ, ಅವಳ ಮುಖಕ್ಕೆ ಉಗಿಯಲು ಬಾಗಿದ ಬಿಳಿಯ ಹೆಂಗಸು, ಇಬ್ಬರೂ ಟೀವಿಯಲ್ಲಿ ಹಾಗೇ ನಿಂತುಬಿಟ್ಟರು.

ಸೋಫಾದಲ್ಲಿ ಹನ್ನೊಂದು ವರ್ಷದ ಹುಡುಗಿ ಹೆತ್ತ ತಾಯಿಯ ಹೆಗಲಿಗೆ ಒರಗಿದ್ದಳು. ಆಕೆ ಚಿಕ್ಕಮ್ಮನ ಗಂಡನ ಮೊದಲ ಹೆಂಡತಿ. ಭಾನುವಾರ ಬಂದು ಸಂಜೆಗೆ ಹೊರಟುಹೋಗುವವಳು. "ನಾನು ಪಕ್ಕದಲ್ಲೇ ಇದ್ದೀನಲ್ಲ, ಅರ್ಥ ಮಾಡಿಸ್ತೀನಿ ಬಿಡಿ," ಎಂದಳು.

ಚಿಕ್ಕಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ವಾರವಿಡೀ ತಲೆ ಬಾಚಿ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ, ಮುನಿಸನ್ನೆಲ್ಲ ಸಹಿಸುವವಳು ತಾನು. ಆ ತಲೆ ತನ್ನ ಹೆಗಲಿಗೆ ಒಂದು ದಿನವೂ ಹಾಗೆ ಒರಗಿರಲಿಲ್ಲ. "ರಾತ್ರಿ ಬೆಚ್ಚಿಬಿದ್ರೆ ಎದ್ದು ಬರೋಳು ನಾನು, ನೀವಲ್ಲ," ಎಂದಳು.

ಹುಡುಗಿ ಇಬ್ಬರ ಮುಖವನ್ನೂ ನೋಡಲಿಲ್ಲ; ಅವಳ ಕಣ್ಣು ಟೀವಿಯ ಮೇಲೇ ಇತ್ತು. "ಚಿಕ್ಕಮ್ಮಾ, ಆ ಹುಡುಗಿ ಏನೂ ಮಾಡಿಲ್ಲ ಅಲ್ವಾ? ಆ ಹೆಂಗಸಿಗೆ ಯಾಕೆ ಅಷ್ಟು ಕೋಪ?"

"ತನ್ನ ಮಗಳ ಪಕ್ಕ ಅವಳು ಕೂತ್ಕೋಬಾರ್ದು ಅಂತ," ಎಂದಳು ಚಿಕ್ಕಮ್ಮ ಥಟ್ಟನೆ. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅವಳು ನಿಧಾನಕ್ಕೆ ಬಂದು ಹುಡುಗಿಯ ಇನ್ನೊಂದು ಪಕ್ಕದಲ್ಲಿ ಕೂತಳು. ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

"ಮುಂದಿಂದು ನಿಮ್ಮಮ್ಮ ಹೇಳ್ತಾರೆ, ಕೇಳು," ಎಂದಳು.