ರವಿಕೆಯ ತೋಳು

ಈ ತಿಂಗಳಲ್ಲಿ ಎರಡನೇ ಸಲ ರವಿಕೆಯ ತೋಳು ಬಿಚ್ಚಿ ಸಡಿಲ ಮಾಡಿ ಹೊಲಿದೆ. ಜಿಮ್ಮಿನ ಹೊಸ್ತಿಲು ತುಳಿದವಳಲ್ಲ ನಾನು. ಬೆಳಿಗ್ಗೆ ಕೋಟೆ ಹತ್ತಿ ಇಳಿಯುತ್ತೇನೆ, ಅಷ್ಟೆ. ಅದರಿಂದ ನನ್ನ ಕಾಲಂತೂ ಬಲಿತಿಲ್ಲ, ಬಲಿತದ್ದು ತೋಳು. ಅಂದರೆ ಯಾರೋ ನನ್ನನ್ನು ನೆನೆಯುತ್ತ ಭಾರ ಎತ್ತುತ್ತಿದ್ದಾರೆ. ಕಸರತ್ತು ಮಾಡುವಾಗ ಮನಸ್ಸಿನಲ್ಲಿ ಯಾರಿರುತ್ತಾರೋ, ಫಲ ಅವರ ಮೈಗೆ ತಾನೆ ಸೇರುವುದು?

ಕೋಟೆ ದಾರಿಯಲ್ಲಿ ಸಿಕ್ಕ ಜಿಮ್ಮಿನ ಕೋಚ್ ದಾದಾಪೀರ್ ಅವರನ್ನು ಕೇಳಿದೆ.

"ಪ್ರೋಟೀನ್ ಬಿಡಬೇಡಿ, ದಿನಾ ಎರಡು ಮೊಟ್ಟೆ ತಿನ್ನಿ," ಅಂದರು. "ಪ್ರೀತಿಯಿಂದ ನೆನೀತಾರೋ ಸಿಟ್ಟಿಂದ ನೆನೀತಾರೋ, ತೋಳಿಗೆ ಗೊತ್ತಾಗಲ್ಲಮ್ಮ."

ಸಿಟ್ಟು ಅಂದಮೇಲೆ ನಮ್ಮಕ್ಕ ಚಂಪಕ್ಕನೇ ಇರಬೇಕು. ಅವ್ವನ ಹೊಲಿಗೆ ಮಿಷನ್ ನಾನಿಟ್ಟುಕೊಂಡೆ ಅಂತ ಒಂಬತ್ತು ವರ್ಷದಿಂದ ಮಾತಿಲ್ಲ. ಆದರೆ ಸಿಟ್ಟಿಗೆ ಯಾರಾದರೂ ಇಷ್ಟು ಬೆವರು ಸುರಿಸುತ್ತಾರೆಯೇ? ತಲೆ ಕೆಟ್ಟುಹೋಯಿತು. ಕೇಳಿಯೇ ಬಿಡೋಣ ಅಂತ ಅವಳ ಮನೆಗೆ ಹೋದೆ.

ಬಾಗಿಲು ತೆರೆದ ಅಕ್ಕನ ಕೈಯಲ್ಲಿ ಡಂಬೆಲ್ ಇತ್ತು. ತೋಳು ಮಾತ್ರ ಕಡ್ಡಿ. ಮೇಲೆತ್ತಿ ಸಿಕ್ಕಿಸಿದ ಸೀರೆಯ ಕೆಳಗೆ ಮೀನಖಂಡಗಳು ಒನಕೆಯಂತೆ ಗಟ್ಟಿಯಾಗಿದ್ದವು.

ನನ್ನ ತೋಳನ್ನೇ ನೋಡುತ್ತ ಕೇಳಿದಳು: "ಕೋಟೆ ಹತ್ತೋವಾಗ ನನ್ನನ್ನ ಬೈಕೋತಿದ್ದೋಳು ನೀನೇನಾ? ಒಂದು ದಿನಾನೂ ತಪ್ಪಿಸಿಲ್ವಲ್ಲೇ!"