ಸರೋವರದ ಕೆಳಗಿನ ಗ್ರಂಥಾಲಯ

‘ಹಿಮಗಂಟೆ’ ಎಂಬ ವಿಡಿಯೋ ಗೇಮನ್ನು ನಾನು ನಾನೂರ ಹನ್ನೆರಡು ಸಲ ಆಡಿ ಗೆದ್ದಿದ್ದೇನೆ. ಏಳು ಸಲ ಕಣ್ಣು ಕಟ್ಟಿಕೊಂಡು. ಒಂದು ಸಲ ಕಾಲ್ಬೆರಳಿನಿಂದ, ಏಕೆಂದರೆ ಆಗ ಎರಡೂ ಕೈ ಕಾವಲಿಯಲ್ಲಿ ತಾಕೊಯಾಕಿ, ಅಂದರೆ ಆಕ್ಟೋಪಸ್ ತುಂಬಿದ ಹಿಟ್ಟಿನ ಉಂಡೆ, ಮಗುಚುತ್ತಿದ್ದವು. ಒಸಾಕಾದ ನಿಪ್ಪೊಂಬಾಶಿ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಈ ಮೊರಿಶಿತಾ ಹೇಳುವುದೆಲ್ಲ ನಿಜ ಎನ್ನುತ್ತಾರೆ. ಒಕಿನೊನನ್ನು ಮಾತ್ರ ಕೇಳಬೇಡಿ.

ಒಕಿನೊ ನನ್ನ ಉಂಡೆ ಅಂಗಡಿಯ ಎದುರಿನ ಹಳೇ ಗೇಮ್ ಅಂಗಡಿಯವನು. ಹೋದ ತಿಂಗಳು ಅವನಲ್ಲಿಗೆ ಯೊನೆಮುರಾ ಫುಮಿಯೆ ಬಂದಿದ್ದರು. ‘ಹಿಮಗಂಟೆ’ಯ ಕಥೆ, ನಕ್ಷೆ ಎಲ್ಲವನ್ನೂ ಮಾಡಿದ, ಎಪ್ಪತ್ತು ದಾಟಿದ ಹೆಂಗಸು. ಬಂದ ಹೊಸದರಲ್ಲಿ ಆ ಆಟವನ್ನು ಯಾರೂ ಮೂಸಿ ನೋಡಿರಲಿಲ್ಲ. ಈಗ ಹೆಸರೆತ್ತಿದರೆ ಸಾಕು, ಗೇಮ್ ಹುಚ್ಚರು ತಲೆಬಾಗುತ್ತಾರೆ. ಮೂವತ್ತು ವರ್ಷದ ಮೇಲೆ ಅದು ಮತ್ತೆ ಬಿಡುಗಡೆಯಾಗಲಿತ್ತು, ಜೊತೆಗೊಂದು ಕಿರುಪುಸ್ತಕ. ಇಷ್ಟು ಕಾಲದ ಮೇಲೆ ಆಟ ಹೇಗನಿಸುತ್ತದೆ ಎಂದು ಅದಕ್ಕೆ ಮುನ್ನುಡಿ ಬರೆಯಲು ಒಬ್ಬ ಹಳೆಯ ಆಟಗಾರ ಬೇಕಿತ್ತು. ಆ ಪುಟದಲ್ಲಿ ನನ್ನ ಹೆಸರು ಅಚ್ಚಾಗದಿದ್ದರೆ ಹುಟ್ಟಿದ್ದೇ ದಂಡ ಎಂದುಕೊಂಡು, ಬಿಸಿ ಉಂಡೆಗಳ ತಟ್ಟೆ ಹಿಡಿದು ರಸ್ತೆ ದಾಟಿದೆ.

“ಸೆನ್ಸೇ, ಇವನು ಹತ್ತು ಹೇಳಿದ್ರೆ ಒಂಬತ್ತು ಕಳೀಬೇಕು,” ಎಂದ ಒಕಿನೊ, ಗುರುಗಳನ್ನು ಕರೆಯುವಂತೆ ಅವರನ್ನು ಕರೆದು.

“ಒಂದಾದ್ರೂ ಉಳಿಯುತ್ತಲ್ಲ. ನಿನ್ನ ಹತ್ರ ಅದೂ ಇಲ್ಲ,” ಎಂದೆ.

ಯೊನೆಮುರಾ ಕಡ್ಡಿಯಲ್ಲಿ ಒಂದು ಉಂಡೆ ಚುಚ್ಚಿ, ಊದಿ, ತಿಂದರು. “ಆಟದಲ್ಲಿ ನಿಮಗೆ ಯಾವ ಜಾಗ ತುಂಬ ಹಿಡಿಸ್ತು?”

ಎಲ್ಲರೂ ಕೊನೆಯ ದೃಶ್ಯ ಎನ್ನುತ್ತಾರೆ. ನಾನು ಎಲ್ಲರಂಥವನಲ್ಲ. “ಸರೋವರದ ಕೆಳಗಿನ ಗ್ರಂಥಾಲಯ, ಸೆನ್ಸೇ. ಆ ಕುರುಡು ಮುದುಕಿ ತನ್ನ ದೀಪಾನ ನಮ್ಮ ಕೈಗೆ ಕೊಡ್ತಾಳಲ್ಲ, ಅಲ್ಲಿ ಅತ್ತಿದ್ದೀನಿ ನೋಡಿ, ಕೆಳಗಿನ ಮನೆಯವರ ಸೂರು ಮೂರು ದಿನ ಸೋರ್ತು.”

ಯೊನೆಮುರಾ ಅವರ ಕಡ್ಡಿ ಎರಡನೇ ಉಂಡೆಯ ಮೇಲೆಯೇ ನಿಂತಿತು. “ಆ ಗ್ರಂಥಾಲಯ ಆಟದಲ್ಲಿ ಇಲ್ಲವಲ್ಲ.”

ಒಕಿನೊ ಸ್ಟೂಲು ಎಳೆದುಕೊಂಡು, ನಾಟಕಕ್ಕೆ ಬಂದವನಂತೆ ಕೂತ.

“ಗೇಮ್ ಕ್ಯಾಸೆಟ್ಟಲ್ಲಿ ಜಾಗ ಸಾಲದೆ ಕೊನೇ ಎರಡು ವಾರದಲ್ಲಿ ಕಿತ್ತು ಹಾಕಿದ್ವಿ,” ಎಂದರು ಯೊನೆಮುರಾ. “ ಆಟ ಗೆಲ್ಲೋದು ಹೇಗೆ ಅಂತ ಮಕ್ಕಳಿಗೊಂದು ಗೈಡ್ ಮಾಡಿಸಿದ್ವಿ, ಅದು ಅಷ್ಟರಲ್ಲಿ ಅಚ್ಚಾಗಿಬಿಟ್ಟಿತ್ತು. ಗ್ರಂಥಾಲಯ ಇರೋದು ಅದರಲ್ಲಿ ಮಾತ್ರ.”

ನನ್ನಲ್ಲಿ ಸುಳ್ಳಿಗೆ ಎಂದೂ ಬರ ಬಂದದ್ದಿಲ್ಲ. ಅವತ್ತು ತಡಕಿದೆ, ಒಂದೂ ಸಿಗಲಿಲ್ಲ.

“ಗೇಮ್ ಯಂತ್ರ ಮನೆಗೆ ಬೇಡ ಅಂದ್ಲು ಅಮ್ಮ. ಗೈಡ್ ಆದ್ರೆ ಪುಸ್ತಕ ತಾನೇ ಅಂತ ಕೊಡಿಸಿದ್ಲು. ಮೂರು ವರ್ಷ ಅದನ್ನೇ ಓದಿದೆ ಸೆನ್ಸೇ, ನಕ್ಷೆ ಮೇಲೆ ಬೆರಳಿಟ್ಟು ನಡೀತಿದ್ದೆ. ಕೊನೇ ಪುಟದಲ್ಲಿ, ಮುಂದಿನದನ್ನು ನಿನ್ನ ಕಣ್ಣಿಂದಲೇ ನೋಡು ಅಂತ ಬರೆದು ನಿಲ್ಲಿಸಿದ್ರು. ಆಟ ಹೇಗೆ ಮುಗಿಯುತ್ತೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.”

“ಎದುರಿಗೇ ಇದ್ದೀನಲ್ಲೋ ಹನ್ನೆರಡು ವರ್ಷದಿಂದ,” ಎಂದ ಒಕಿನೊ. ಅವನ ನಗು ಎಲ್ಲೋ ಹೋಗಿತ್ತು. “ಒಂದಿನ ಬಂದು ಆಡೋಕೆ ಏನಾಗಿತ್ತು ನಿಂಗೆ?”

“ಹೆದರಿಕೆ ಕಣೋ. ಪುಸ್ತಕದಲ್ಲಿದ್ದಷ್ಟು ಚೆನ್ನಾಗಿಲ್ಲದಿದ್ರೆ?”

“ಇಲ್ಲ,” ಎಂದರು ಯೊನೆಮುರಾ, ತುಂಬ ಸಮಾಧಾನವಾಗಿ. “ಅಷ್ಟು ಚೆನ್ನಾಗಿಲ್ಲ. ಗ್ರಂಥಾಲಯ ಕಿತ್ತ ಮೇಲೆ ನಾನೂ ಆ ಆಟಾನ ಮುಟ್ಟಿಲ್ಲ.” ತಟ್ಟೆಯಲ್ಲಿದ್ದ ಉಂಡೆಗಳನ್ನೆಲ್ಲ ಒಂದೊಂದಾಗಿ ಮುಗಿಸಿ ಬಾಯಿ ಒರೆಸಿಕೊಂಡರು. “ಮುನ್ನುಡಿ ನೀವೇ ಬರೀರಿ. ಮೊದಲನೇ ವಾಕ್ಯ ಮಾತ್ರ ನಿಜ ಇರ್ಲಿ. ಆಮೇಲೆ ನಿಮ್ಮಿಷ್ಟ.”

ಮೊದಲ ವಾಕ್ಯ ಬಿಟ್ಟು ಉಳಿದ ಹನ್ನೊಂದು ಪುಟಗಳನ್ನು ಒಂದೇ ಬೈಠಕ್ಕಿನಲ್ಲಿ ಬರೆದೆ. ಆ ಒಂದು ವಾಕ್ಯಕ್ಕೆ ಒಂಬತ್ತು ದಿನ ಹಿಡಿಯಿತು. ನಿನ್ನೆ ಅಚ್ಚಾಗಿ ಬಂದಿದೆ:

“ಈ ಆಟವನ್ನು ನಾನು ಒಂದು ಸಲವೂ ಆಡಿಲ್ಲ.”